ನೋವಿಲ್ಲದೆ ಹಲ್ಲು ಕೀಳಲಾಗುವುದು

ಬೆಳಿಗ್ಗೆ ಆರೂವರೆಗೆ ನಮ್ಮೂರಿನ ಪೇಟೆಬೀದಿಯಲ್ಲಿ ನಿಂತರೆ ಪ್ರತಿಯೊಂದು ಅಂಗಡಿಯ ಒಳಗಿನಿಂದಲೂ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತದೆ. ಇಡ್ಲಿ ಹೋಟೆಲಿನವರು ಬಿಸಿನೀರಿಗೆ ಉಪ್ಪು ಹಾಕಿಕೊಂಡು ಮುಕ್ಕಳಿಸುತ್ತಾರೆ. ಬಳೆ ಅಂಗಡಿಯವರು ಒಂದು ಬೆರಳು ಜೇನುತುಪ್ಪ ನೆಕ್ಕುತ್ತಾರೆ. ಚಪ್ಪಲಿ ಹೊಲಿಯುವ ಹನುಮಂತಣ್ಣ ಬಾಯಲ್ಲಿದ್ದ ಎಲೆಅಡಿಕೆಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಉಗಿದು ಬರುತ್ತಾನೆ. ಆಮೇಲೆ ಎಲ್ಲರೂ ಗಂಟಲು ಸರಿಮಾಡಿಕೊಂಡು ಮೊಬೈಲು ಕೈಗೆತ್ತಿಕೊಳ್ಳುತ್ತಾರೆ. ಮಾತಾಡುವುದಕ್ಕಲ್ಲ, ಅವತ್ತಿನ ಪೋಸ್ಟು ಬರೆಯುವುದಕ್ಕೆ. ನಮ್ಮೂರಲ್ಲಿ ಬರೆದದ್ದಕ್ಕೆ ಬರೆದವರ ದನಿ ಇರುತ್ತದೆ. ಓದುತ್ತ ಹೋದ ಹಾಗೆ ಅಕ್ಷರಗಳು ಅವರದೇ ದನಿಯಲ್ಲಿ ನಿಮ್ಮ ಕಿವಿಯೊಳಗೆ ಮಾತಾಡುತ್ತವೆ. ಕಣ್ಣು ನಿಂತರೆ ದನಿಯೂ ನಿಲ್ಲುತ್ತದೆ. ಪಕ್ಕದಲ್ಲಿ ಕೂತವರಿಗೆ ಏನೂ ಕೇಳಿಸುವುದಿಲ್ಲ. ಬರೆದವರಿಗಂತೂ ತಾವು ಬರೆದದ್ದರ ದನಿ ಜನ್ಮದಲ್ಲಿ ಕೇಳಿಸುವುದಿಲ್ಲ. ಓದುವವರ ಮುಖ ನೋಡಿ ತಿಳಿದುಕೊಳ್ಳಬೇಕು.

ಬಸ್ಸಿನ ಬೋರ್ಡಿನಲ್ಲಿ ನಮ್ಮೂರಿನ ಹೆಸರಿಲ್ಲ. “ಅಲ್ಲಿ ಇಳಿಯೋರು ಎದ್ದೇಳ್ರೀ” ಅಂತ ಕಂಡಕ್ಟರು ಕೂಗುತ್ತಾನೆ, ನಾವು ಏಳುತ್ತೇವೆ. ಇಳಿದವರಿಗೆ ಮೊದಲು ಕಾಣುವುದು ಮುಕುಂದಯ್ಯನವರ ಪ್ರೆಸ್ಸು. ಊರಿನ ಲಗ್ನಪತ್ರಿಕೆಗಳೆಲ್ಲ ಅಚ್ಚಾಗುವುದು ಅಲ್ಲೇ, ಅಕ್ಷರ ಜೋಡಿಸುವವರೂ ಅವರೇ. ಹಾಗಾಗಿ ನಲವತ್ತು ವರ್ಷದಿಂದ ನಮ್ಮನ್ನು ಪ್ರತಿಯೊಂದು ಮದುವೆಗೂ ಕರೆಯುತ್ತಿರುವುದು ಮುಕುಂದಯ್ಯನವರ ನೆಗಡಿ ಹಿಡಿದ ದನಿ. ‘ನಮ್ಮ ಜ್ಯೇಷ್ಠ ಪುತ್ರಿಯ ವಿವಾಹ ಮಹೋತ್ಸವ’ ಅಂತ ಓದಿದರೆ ಅವರು ಸೀನು ತಡೆದುಕೊಂಡು ಹೇಳಿದ ಹಾಗೇ ಇರುತ್ತದೆ. ಅವರಿಗಿರುವುದು ಒಬ್ಬನೇ ಮಗ. ಆದರೂ ಪತ್ರಿಕೆಗಳನ್ನು ನಂಬುವುದಾದರೆ ಇಷ್ಟು ಹೊತ್ತಿಗೆ ಮುನ್ನೂರು ಹೆಣ್ಣುಮಕ್ಕಳನ್ನು ಧಾರೆ ಎರೆದು ಕೊಟ್ಟಿದ್ದಾರೆ.

ನಾನು ನೀಲಾಂಬಿಕೆ. ಎಲ್ಲರ ಬಾಯಲ್ಲಿ ನೀಲಕ್ಕ. ಪ್ರೆಸ್ಸಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಯಂತ್ರ ಬಿಸಿಯಾಗುವವರೆಗೆ ಕೂತು ಏನು ಮಾಡುವುದು ಅಂತ ಒಂಬತ್ತು ವರ್ಷದ ಹಿಂದೆ ‘ಪೇಟೆಮಾತು’ ಅನ್ನುವ ಬ್ಲಾಗು ಶುರುಮಾಡಿದೆ. ಯಾರ ಅಂಗಡಿಗೆ ಏನು ಬಂದಿದೆ, ಯಾರ ಹೋಟೆಲಿನ ಚಟ್ನಿಗೆ ಇವತ್ತು ಹುಣಸೆ ಜಾಸ್ತಿಯಾಗಿದೆ, ಇಂಥವೇ. ನನಗೆ ಯಾರೂ ಹೇಳಿಕೊಡಲಿಲ್ಲ. ತಪ್ಪು ಮಾಡಿ ಮಾಡಿ, ಬೈಸಿಕೊಂಡು ಕಲಿತೆ. ಕಲಿತದ್ದು ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ಅಜೀರ್ಣವಾಗುತ್ತದೆ. ಅದಕ್ಕೇ ಪೇಟೆಗೆ ರಜೆಯಿರುವ ಮಂಗಳವಾರ ನನ್ನ ಅಂಗಡಿಯೊಳಗೆ, ಕಾಗದದ ಬಂಡಲುಗಳ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಪೋಸ್ಟು ಬರೆಯುವುದನ್ನು ಹೇಳಿಕೊಡುತ್ತೇನೆ.

“ಅಕ್ಕಾ, ‘ಗ್ರಾಹಕ ಬಾಂಧವರೇ’ ಅಂತ ಎಷ್ಟು ಚೆಂದ ಶುರು ಮಾಡಿದೆ, ಒಂದು ಲೈಕೂ ಬರಲಿಲ್ಲ” ಅಂತ ಬಳೆ ಅಂಗಡಿಯವರು ಒಂದು ಸಲ ಮುಖ ಸಣ್ಣ ಮಾಡಿಕೊಂಡು ಕೇಳಿದರು.

“ನಿಮ್ಮಂಗಡಿಗೆ ಬಾಂಧವರು ಬರ್ತಾರಾ? ಮೊನ್ನೆ ಯಾರು ಬಂದಿದ್ರು ಹೇಳಿ.”

“ಮೇಲಿನ ಬೀದಿ ಸೊಸೆ ಬಂದಿದ್ಲು. ಏಳು ತಿಂಗಳು. ಕೈ ಊದ್ಕೊಂಡು ಹಳೇ ಬಳೆ ಬಿಗಿಯಾಗಿದ್ವು.”

“ಅವಳಿಗೆ ಬರೀರಿ. ಊರಿಗೆಲ್ಲ ಬರೀಬೇಡಿ. ಆ ಒಂದು ಕೈಗೆ ಬರೀರಿ.”

ಬರೆದರು. ‘ಕೈ ಊದಿದ್ದರೆ ಹೆದರಬೇಡ ಕಣವ್ವ, ಅಗಲದ್ದು ತರಿಸಿದ್ದೀನಿ, ಸೋಪು ಹಚ್ಚಿ ನಿಧಾನಕ್ಕೆ ಏರಿಸ್ತೀನಿ’ ಅಂತ. ಮಾರನೆಯ ದಿನ ಬಸುರಿಯರಿರಲಿ, ಬಸುರಿಯರ ಅತ್ತೆಯರೂ ಬಂದು ಕೈ ಚಾಚಿದರು. ಇಷ್ಟೇ ನನ್ನ ವಿದ್ಯೆ. ಇದನ್ನೇ ತಿರುಗಿಸಿ ಮುರುಗಿಸಿ ಒಂಬತ್ತು ವರ್ಷ ಹೇಳಿದ್ದೇನೆ.

ಯುಗಾದಿ ಕಳೆದ ಮೇಲೆ ನಮ್ಮೂರಿಗೆ ಹಲ್ಲಿನ ಡಾಕ್ಟರು ಬಂದರು. ಅದಕ್ಕೆ ಮೊದಲು ಹಲ್ಲು ನೋವು ಬಂದರೆ ಲವಂಗ ಕಚ್ಚಬೇಕಿತ್ತು, ತಡೆಯಲಾಗದಿದ್ದರೆ ಬಸ್ಸಿನಲ್ಲಿ ಎರಡೂವರೆ ಗಂಟೆ ದವಡೆ ಹಿಡಿದುಕೊಂಡು ಹೋಗಬೇಕಿತ್ತು. ಡಾಕ್ಟರ ಹೆಸರು ವೃಷಭೇಂದ್ರ. ಹೆಸರು ಕೇಳಿ ನಾವು ಯಾವುದೋ ಭಾರಿ ಆಳು ಅಂದುಕೊಂಡಿದ್ದೆವು. ಲಾರಿಯಿಂದ ಇಳಿದವರು ನೋಡಿದರೆ ಕಡ್ಡಿಯಂಥ ಮನುಷ್ಯ, ಮೂವತ್ತೈದರ ಒಳಗೆ, ಅಂಗಿಯ ಕಾಲರಿನೊಳಗೆ ಇನ್ನೊಂದು ಕುತ್ತಿಗೆಗೆ ಜಾಗವಿತ್ತು. ಎಣ್ಣೆಗಾಣದ ಮಹಡಿ ಮೇಲೆ ಆಸ್ಪತ್ರೆ. ಹಲ್ಲು ಕೀಳುವ ಕುರ್ಚಿಯನ್ನು ಹಗ್ಗ ಕಟ್ಟಿ ಮೇಲೆತ್ತುವುದಕ್ಕೆ ಪೇಟೆಯವರೆಲ್ಲ ಕೈಹಾಕಿದೆವು. ಅವರು ನಗುತ್ತ ಎಲ್ಲರಿಗೂ ಕೈಮುಗಿದರು. ಎರಡು ದಿನ ಊರಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡು, ಕಿವಿ ಮುಟ್ಟಿ ಮುಟ್ಟಿ ನೋಡಿಕೊಂಡು ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ತಮ್ಮ ಪೇಜಿನಲ್ಲಿ ಮೊದಲ ಪೋಸ್ಟು ಬರೆದರು. ‘ನೋವಿಲ್ಲದೆ ಹಲ್ಲು ಕೀಳಲಾಗುವುದು. ಎಲ್ಲರೂ ಬನ್ನಿ.’

ಅದನ್ನು ಓದಿದ ಗಳಿಗೆಯಲ್ಲಿ ಇಡ್ಲಿ ಹೋಟೆಲಿನವರ ಕೈಯಿಂದ ಹಿಟ್ಟಿನ ಪಾತ್ರೆ ಬಿತ್ತು. ಹೂವಿನ ಮೆಹಬೂಬಿ ಮೊಳ ಹಾಕುತ್ತಿದ್ದ ಮಲ್ಲಿಗೆ ಬಿಟ್ಟು ಎದ್ದು ನಿಂತುಬಿಟ್ಟಳು. ಮುಕುಂದಯ್ಯನವರಿಗೆ ನಲವತ್ತು ವರ್ಷದ ನೆಗಡಿ ಅರ್ಧ ಗಂಟೆ ನಿಂತುಹೋಯಿತಂತೆ. ಆ ಕಡ್ಡಿಯಂಥ ಮನುಷ್ಯನ ಅಕ್ಷರಕ್ಕೆ ಬಂಡೆ ಸಿಡಿಸುವಂಥ ದನಿ. ‘ನೋವಿಲ್ಲದೆ’ ಅನ್ನುವ ಮಾತಂತೂ, ನೋವು ಅನ್ನುವುದು ಏನು ಅಂತ ಈಗ ತೋರಿಸುತ್ತೇನೆ ತಡಿ ಅಂದ ಹಾಗೆ ಕೇಳಿಸುತ್ತಿತ್ತು. ‘ಎಲ್ಲರೂ ಬನ್ನಿ’ ಅಂದದ್ದಕ್ಕೆ ಎಷ್ಟೋ ಜನ ಬಾಗಿಲು ಹಾಕಿಕೊಂಡರು.

ಹೆದರಿಸುವುದು ಅವರ ಉದ್ದೇಶವಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಅವರಿಗೆ ಹೇಳಲಿಲ್ಲ. ಹೇಳಿದರೆ ಬೇಜಾರು ಮಾಡಿಕೊಂಡಾರು ಅಂತ ಎದುರು ಸಿಕ್ಕಾಗ ನಮಸ್ಕಾರ ಹಾಕುತ್ತಿದ್ದೆವು, ಹಾಗೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು, ಹಲ್ಲು ಕಾಣಿಸದ ಹಾಗೆ. ಅವರು ದಿನಾ ಒಂದು ಪೋಸ್ಟು ಬರೆದರು. ‘ಭಯ ಬೇಡ’ ಅಂತ ಬರೆದ ದಿನ ಗಾಣದ ಕೆಳಗಿದ್ದ ಬೀದಿನಾಯಿ ಜಾಗ ಬದಲಾಯಿಸಿತು. ನಾಯಿ ಓದುವುದಿಲ್ಲ ನಿಜ, ಆದರೆ ಅಲ್ಲಿ ಓಡಾಡುವವರೇ ಇಲ್ಲದ ಮೇಲೆ ಅದಕ್ಕೆ ಬ್ರೆಡ್ಡು ಹಾಕುವವರು ಯಾರು? ಹತ್ತು ವಾರ ಹೋಯಿತು. ಡಾಕ್ಟರು ಬೆಳಿಗ್ಗೆ ಬಂದು ಕುರ್ಚಿ ಒರೆಸುವರು, ಸಂಜೆ ಒರೆಸಿ ಹೋಗುವರು. ಒಬ್ಬರೂ ಆ ಮೆಟ್ಟಿಲು ಹತ್ತಲಿಲ್ಲ.

ನಾನೂ ಹತ್ತಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಆ ಹತ್ತು ವಾರದಲ್ಲಿ ಕೊನೆಯ ಮೂರು ವಾರ ನನ್ನ ಎಡದವಡೆಯಲ್ಲಿ ಯಾರೋ ಸಣ್ಣ ಸುತ್ತಿಗೆ ಇಟ್ಟುಕೊಂಡು ಕೂತಿದ್ದರು. ಕೆನ್ನೆಯೊಳಗೆ ಲವಂಗ ಸಿಕ್ಕಿಸಿಕೊಂಡು, ತಲೆಗೆ ಸೆರಗು ಸುತ್ತಿಕೊಂಡು, “ಏನಿಲ್ಲ, ಶೀತ” ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ. ಪೋಸ್ಟು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಮಂಗಳವಾರ ಪಾಠ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. ನಿಂತದ್ದೇ ತಡ, ಒಬ್ಬೊಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು, ಆಕಳಿಸಿದ ಹಾಗೆ ಮಾಡಿ ಜಾರಿಕೊಂಡರು. ಮೆಹಬೂಬಿಯೊಬ್ಬಳು ಉಳಿದಳು, ಅವಳಿಗೆ ನೋಡುವ ಚಪಲ.

“ನೀಲಕ್ಕಾ” ಅಂದರು ಡಾಕ್ಟರು. ಎದುರಿಗೆ ಮಾತಾಡಿದರೂ ಅದೇ ದನಿ; ಮೇಜಿನ ಮೇಲಿದ್ದ ಕಾಫಿ ಲೋಟ ಝಣ್ ಅಂದಿತು. “ಭಾನುವಾರ ಲಾರಿ ಬರತ್ತೆ. ಕುರ್ಚಿ ಬಿಚ್ಚಿ ತಗೊಂಡು ಹೋಗ್ತಾ ಇದ್ದೀನಿ. ಬೇರೆ ಊರಲ್ಲಿ ದೊಡ್ಡ ಆಸ್ಪತ್ರೇಲಿ ಕೆಲಸ ಕೊಡ್ತೀನಿ ಅಂದಿದ್ದಾರೆ. ಹೋಗೋ ಮುಂಚೆ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ. ನಾನು ಏನು ತಪ್ಪು ಬರೆದೆ?”

“ತಪ್ಪೇನಿಲ್ಲ ಡಾಕ್ಟ್ರೇ…”

“ನನ್ನ ಪೋಸ್ಟು ಎಲ್ಲ ಓದ್ತಾರೆ, ಅದು ಕಾಣತ್ತೆ. ಓದಿದೋರು ಒಬ್ರೂ ಬರಲ್ಲ. ಈ ಊರಲ್ಲಿ ಹಲ್ಲಿರೋರೇ ಇಲ್ವಾ?”

ಮೆಹಬೂಬಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹತ್ತು ವಾರ ಒಂದು ಊರು ಸೇರಿಕೊಂಡು ಒಬ್ಬ ಮನುಷ್ಯನಿಂದ ಒಂದು ಮಾತು ಮುಚ್ಚಿಟ್ಟಿದ್ದೆವು. ನನಗೆ ನಾಚಿಕೆಯಾಯಿತು. “ಡಾಕ್ಟ್ರೇ, ನಿಮ್ಮ ಅಕ್ಷರ ಗುಡುಗತ್ತೆ” ಅಂದುಬಿಟ್ಟೆ.

ಅವರು ಒಂದು ಕಾಗದದ ಬಂಡಲಿನ ಮೇಲೆ ಕೂತರು. ಅವರಪ್ಪ ಕಲ್ಲುಕ್ವಾರಿಯಲ್ಲಿ ಮೇಸ್ತ್ರಿ. ಡಾಕ್ಟರು ಹುಟ್ಟಿ ಬೆಳೆದದ್ದು ಕಲ್ಲು ಪುಡಿಮಾಡುವ ಕ್ರಷರಿನ ಪಕ್ಕದ ಶೆಡ್ಡಿನಲ್ಲಿ. ಅಲ್ಲಿ ಅನ್ನ ಬೇಕು ಅನ್ನುವುದನ್ನೂ ಕೂಗಿಯೇ ಹೇಳಬೇಕಿತ್ತು, ಇಲ್ಲದಿದ್ದರೆ ಉಪವಾಸ. “ಸದ್ದಿಲ್ಲದ ಊರು ಬೇಕು ಅಂತ ಹುಡುಕ್ಕೊಂಡು ಬಂದೆ ಕಣಕ್ಕ. ನಿಮ್ಮೂರು ಎಷ್ಟು ಇಷ್ಟ ಆಗಿತ್ತು ಅಂದ್ರೆ, ಬಂದ ಮೊದಲನೇ ದಿನ ಗೋಡೆ ಮೇಲಿನ ಬರಹ ಪಿಸುಗುಟ್ಟಿದ್ದು ಕೇಳಿ ಇಲ್ಲೇ ಮುದುಕ ಆಗ್ತೀನಿ ಅಂದ್ಕೊಂಡೆ. ಸದ್ದು ನಾನೇ ಹೊತ್ಕೊಂಡು ಬಂದಿದ್ದೀನಿ ಅಂತ ಗೊತ್ತಿರಲಿಲ್ಲ.” ಇದನ್ನೂ ಅವರು ಗುಡುಗಿಯೇ ಹೇಳಿದರು. ಅದಕ್ಕೇ ಕೇಳುವುದಕ್ಕೆ ಇನ್ನೂ ಕಷ್ಟವಾಯಿತು.

ನಾನು ಕಾಫಿ ಲೋಟವನ್ನು ಅವರ ಕಡೆ ಸರಿಸಿದೆ. “ಭಾನುವಾರಕ್ಕೆ ಇನ್ನೂ ಐದು ದಿನ ಇದೆ. ನಿಮ್ಮ ಪೋಸ್ಟು ನಾನು ಬರೀತೀನಿ. ಲಗ್ನಪತ್ರಿಕೆ ಮುಕುಂದಯ್ಯ ಬರೆಯಲ್ವಾ? ಅದನ್ನ ಓದಿ ಜನ ಮದುವೆಗೆ ಹೋಗಲ್ವಾ?”

“ಅಕ್ಕಾ” ಅಂತ ಮೆಹಬೂಬಿ ಏನೋ ಹೇಳುವುದಕ್ಕೆ ಬಾಯಿ ತೆರೆದಳು. ಡಾಕ್ಟರು ಇದ್ದಾರೆ ಅಂತ ನೆನಪಾಗಿ ಟಪ್ಪನೆ ಮುಚ್ಚಿದಳು.

ಅವತ್ತು ಸಂಜೆ ನಾನು ನನ್ನ ಒಂಬತ್ತು ವರ್ಷದ ವಿದ್ಯೆಯನ್ನೆಲ್ಲ ಧಾರೆ ಎರೆದು ಬರೆದೆ. ‘ನಮ್ಮ ಡಾಕ್ಟರ ಕೈ ಹೂವಿನಂಥ ಕೈ. ಹಲ್ಲು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನೋವು ಅನ್ನುವ ಪದವನ್ನೇ ಮರೆತು ಮನೆಗೆ ಹೋಗುತ್ತೀರಿ.’ ಬುಧವಾರ ಬೆಳಿಗ್ಗೆ ಆರೂವರೆಗೆ ಹಾಕಿ, ಯಂತ್ರ ಬಿಸಿಗಿಟ್ಟು, ಹೊರಗೆ ಬಂದು ನಿಂತೆ. ಜನ ಎಣ್ಣೆಗಾಣದ ಕಡೆ ಹೋಗುವುದನ್ನು ನೋಡಬೇಕಿತ್ತು.

ಪೇಟೆಬೀದಿ ನಗುತ್ತಿತ್ತು. ಇಡ್ಲಿ ಹೋಟೆಲಿನವರು ಕಂಬ ಹಿಡಿದುಕೊಂಡು ನಗುತ್ತಿದ್ದರು. ಹನುಮಂತಣ್ಣ ಚಪ್ಪಲಿ ಎದೆಗೊತ್ತಿಕೊಂಡು ನಗುತ್ತಿದ್ದ. ಮುಕುಂದಯ್ಯನವರು ನಗುವುದು, ಸೀನುವುದು, ಮತ್ತೆ ಓದುವುದು ಮಾಡುತ್ತಿದ್ದರು. ಮೆಹಬೂಬಿ ಬುಟ್ಟಿ ಇಳಿಸಿ ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ, ಬೈಬೇಡ. ನಿನ್ನೇನೇ ಹೇಳೋಣ ಅಂತಿದ್ದೆ. ಹಲ್ಲಿನ ಡಾಕ್ಟ್ರ ಜಾಹೀರಾತನ್ನ ಹಲ್ಲು ನೋವಲ್ಲಿ ಬರ್ದಿದ್ದೀಯಲ್ಲ ನೀನು!”

“ಯಾರಿಗೆ ಹಲ್ಲು ನೋವು?”

“ನಿಂಗೆ ಇನ್ಯಾರಿಗೆ? ಮೂರು ವಾರದಿಂದ ಊರಿಗೆಲ್ಲ ಗೊತ್ತು. ಬಾಯಲ್ಲಿ ಬಿಸಿ ಬೋಂಡ ಇಟ್ಕೊಂಡು ಬರೆದಂಗಿರತ್ತೆ ನಿನ್ನ ಪೋಸ್ಟು.” ಅವಳು ಅಲ್ಲೇ ಬೀದಿಯಲ್ಲಿ ನಿಂತು ನನ್ನ ದನಿಯನ್ನು ನನಗೇ ಆಡಿ ತೋರಿಸಿದಳು. “‘ನೋಉ ಅನ್ನುಅ ಪದಅನ್ನೇ… ಸ್ಸ್ಸ್… ಮಅತು ಮನೆಗೆ ಹೋಉತ್ತೀಇ.’ ಆ ‘ಸ್ಸ್ಸ್’ ಬಂತು ನೋಡು, ನಂಗೆ ನಗು ತಡೀಲಿಲ್ಲ ಕಣಕ್ಕ!”

ಭೂಮಿ ಬಾಯಿಬಿಡಲಿ ಅನ್ನಿಸಿತು. ನಗುವ ಮುಖಗಳ ನಡುವೆ ಡಾಕ್ಟರು ಬರುವುದು ಕಂಡಿತು. ಕೈಯಲ್ಲಿ ಮೊಬೈಲಿತ್ತು. ಬಂದವರು ನೇರ ನನ್ನ ಎದುರಿಗೆ ನಿಂತರು. ಬೀದಿ ಒಂದೇ ಸಲ ನಗು ನುಂಗಿಕೊಂಡಿತು.

“ಎಡಗಡೆ, ಕೆಳಗೆ” ಅಂದರು. “ಹಿಂದಿನಿಂದ ಎರಡನೇ ದವಡೆ ಹಲ್ಲು.”

“ನಿಮಗೆ ಹೆಂಗೆ ಗೊತ್ತು?”

“ಓದ್ತೀನಲ್ಲ. ಮೂರು ವಾರದ ಹಿಂದೆ ಸೌತೆಕಾಯಿ ಬಗ್ಗೆ ಬರೆದ್ರಲ್ಲ, ಅವತ್ತು ತಣ್ಣಗಿರೋದು ತಾಗಿದ್ರೆ ಮಾತ್ರ ನೋಯ್ತಿತ್ತು. ಅದಾದ ಐದನೇ ದಿನದಿಂದ ಬಲಗಡೆ ಅಗೀತಿದ್ದೀರ. ಹೋದ ಶುಕ್ರವಾರದಿಂದ ಲವಂಗ ಇಟ್ಕೊಂಡಿದ್ದೀರ, ‘ರ’ ಎಲ್ಲ ಕೆನ್ನೇಲಿ ಸಿಕ್ಕಾಕ್ಕೊಳ್ತಾ ಇದೆ. ಇವತ್ತು ಬಾವು ಬಂದಿದೆ.”

ನಾನು ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ. “ಗೊತ್ತಿದ್ದೂ ಯಾಕೆ ಒಂದು ಮಾತು ಹೇಳ್ಲಿಲ್ಲ?”

“ನೀವು ಬಂದು ತೋರಿಸ್ಲಿಲ್ವಲ್ಲ. ಬೀದೀಲಿ ಹೋಗೋರ ಬಾಯೊಳಗೆ ನಾನು ಇಣುಕಿ ನೋಡಬಾರದು.” ಅವರು ಸುತ್ತ ನಿಂತವರನ್ನು ನೋಡಿದರು. ಗುಡುಗುವ ದನಿಯಲ್ಲೇ, ಆದರೆ ಬಹಳ ಮರ್ಯಾದೆಯಿಂದ ಅಂದರು, “ಈ ಬೀದೀಲಿ ಇನ್ನೂ ಹದಿನೇಳು ಜನಕ್ಕೆ ನೋವಿದೆ. ಯಾರ್‍ಯಾರು ಅಂತ ಹೇಳಲ್ಲ.” ಹದಿನೇಳಕ್ಕಿಂತ ಜಾಸ್ತಿ ಕೈಗಳು ಕೆನ್ನೆಗೆ ಹೋದವು.

ಅಷ್ಟು ಹೊತ್ತಿಗೆ ನನಗೆ ಒಂದು ಹಟ ಬಂತು. ಅದು ಡಾಕ್ಟರ ಮೇಲಿನ ಕನಿಕರವೋ, ನಕ್ಕವರ ಮೇಲಿನ ಸಿಟ್ಟೋ, ಬರೀ ನೋವೋ, ಇವತ್ತಿಗೂ ನನಗೆ ಬಿಡಿಸಿ ಹೇಳುವುದಕ್ಕೆ ಬರುವುದಿಲ್ಲ. “ಕೀಳಿ” ಅಂದೆ. “ಆದ್ರೆ ನಾನು ಕುರ್ಚೀಲಿ ಕೂತು ಬರೀತಾ ಇರ್ತೀನಿ. ನೋವಾದ್ರೆ ನೋವಾಯ್ತು ಅಂತಾನೇ ಬರೀತೀನಿ. ನಿಮ್ಮ ಪರವಾಗಿ ಸುಳ್ಳು ಬರೆಯಲ್ಲ.”

“ಬರೀರಿ. ಬಾವು ಇಳಿಯೋಕೆ ಎರಡು ದಿನ ಮಾತ್ರೆ ಕೊಡ್ತೀನಿ. ಶುಕ್ರವಾರ ಹತ್ತು ಗಂಟೆಗೆ ಬನ್ನಿ.”

ಶುಕ್ರವಾರ ಹತ್ತು ಗಂಟೆಗೆ ಪೇಟೆಯಲ್ಲಿ ವ್ಯಾಪಾರ ನಿಂತಿತು. ನಾನು ಹೊಸ ಸೀರೆ ಉಟ್ಟುಕೊಂಡು, ಯಾರದೋ ಮದುವೆಗೆ ಹೊರಟವಳ ಹಾಗೆ ಎಣ್ಣೆಗಾಣದ ಮೆಟ್ಟಿಲು ಹತ್ತಿದೆ. ಕೆಳಗೆ ಬೀದಿಯ ತುಂಬ ಜನ, ಎಲ್ಲರ ಕೈಯಲ್ಲೂ ‘ಪೇಟೆಮಾತು’ ತೆರೆದ ಮೊಬೈಲು. ಯಾರೂ ಮೇಲೆ ನೋಡುತ್ತಿರಲಿಲ್ಲ, ಎಲ್ಲ ಅಂಗೈ ನೋಡಿಕೊಂಡು ನಿಂತಿದ್ದರು.

‘ಕೂತಿದ್ದೇನೆ. ಕುರ್ಚಿ ಹಿಂದಕ್ಕೆ ಹೋಗುತ್ತಿದೆ. ಸೂರಿನಲ್ಲಿ ಜೇಡರಬಲೆ ಇಲ್ಲ, ಹತ್ತು ವಾರದಿಂದ ಒರೆಸಿದ್ದಾರೆ ಪಾಪ’ ಅಂತ ಬರೆದೆ. ಬೋಂಡದ ದನಿಯೇ ಇತ್ತಂತೆ. ‘ಸೂಜಿ ಕಾಣುತ್ತಿದೆ. ನಾನು ಕಣ್ಣು ಮುಚ್ಚುತ್ತೇನೆ, ಇನ್ನೊಂದು ಸಾಲು ಕಾಯಿರಿ.’ ಆಗ ಬೀದಿಯಲ್ಲಿ ಇಬ್ಬರು ಕೂತುಬಿಟ್ಟರಂತೆ.

ಮುಂದಿನ ಸಾಲು ಬರೆಯುವುದು ಸ್ವಲ್ಪ ತಡವಾಯಿತು. ಅದಕ್ಕೆ ಕಾರಣ ಸೂಜಿಯಲ್ಲ. ಸೂಜಿ ಹಿಡಿದು ನನ್ನ ಬಾಯಿಯ ಮೇಲೆ ಬಗ್ಗಿದ್ದೇ ಡಾಕ್ಟರು ಬೇರೆ ಮನುಷ್ಯನಾದರು. ಮೂಗಿನಲ್ಲಿ ಏನೋ ಸಣ್ಣಗೆ ಗುನುಗಿಕೊಳ್ಳತೊಡಗಿದರು; ತೊಟ್ಟಿಲು ತೂಗುವವರು ಪದ ಮರೆತು ರಾಗ ಮಾತ್ರ ಇಟ್ಟುಕೊಂಡ ಹಾಗೆ. “ಆಯ್ತು ಅಕ್ಕ, ಇಷ್ಟೇ. ಇಲ್ಲೇ ಸ್ವಲ್ಪ ಚುರುಕ್ ಅನ್ನತ್ತೆ. ಅಂದಿತಾ? ಹ್ಞೂಂ. ಮುಗೀತು ಅದು.” ಪಿಸುಮಾತು. ಕುರ್ಚಿಯ ಪಕ್ಕದಲ್ಲಿದ್ದ ನೀರಿನ ಲೋಟ ಅಲುಗಲಿಲ್ಲ. ಎದುರಿಗೆ ಒಂದು ಬಾಯಿ, ಒಂದು ಹಲ್ಲು ಇದ್ದರೆ ಈ ಮನುಷ್ಯ ಕೂಗುವುದಿಲ್ಲ. ಇಡೀ ಊರನ್ನು ಕರೆಯುವಾಗ ಮಾತ್ರ ಅವರಿಗೆ ಕ್ರಷರು ನೆನಪಾಗುತ್ತದೆ. ಇದು ನನ್ನ ವಿದ್ಯೆಯೇ ಅಲ್ಲವಾ? ಮಂಗಳವಾರ ಮಂಗಳವಾರ ನಾನು ಕಿರುಚಿ ಹೇಳುವುದು ಇದನ್ನೇ ಅಲ್ಲವಾ? ಬಳೆ ಅಂಗಡಿಯವರಿಗೆ ಹೇಳಿಕೊಟ್ಟದ್ದನ್ನು ಇವರಿಗೆ ಹೇಳುವುದು ಬಿಟ್ಟು, ಜಂಬದಿಂದ ನಾನೇ ಬರೆಯುತ್ತೇನೆ ಅಂತ ಹೊರಟೆನಲ್ಲ!

ಇದನ್ನೆಲ್ಲ ಬರೆಯಬೇಕು ಅಂದುಕೊಂಡೆ. ಅಷ್ಟರಲ್ಲಿ ಅರ್ಧ ಬಾಯಿ ಮರಗಟ್ಟಿತ್ತು. ‘ತುಟಿ ಎಲ್ಲಿದೆ ಗೊತ್ತಾಗುತ್ತಿಲ್ಲ. ನೋವೂ ಗೊತ್ತಾಗುತ್ತಿಲ್ಲ’ ಅಂತ ಬರೆದದ್ದು ಬೀದಿಗೆ “ಉಟಿ ಎಉಇಎ” ಅಂತ ಕೇಳಿಸಿ, ಅರ್ಥವಾದದ್ದು ಮೆಹಬೂಬಿಗೊಬ್ಬಳಿಗೇ. ಅವಳು ಜೋರಾಗಿ ಎಲ್ಲರಿಗೂ ಬಿಡಿಸಿ ಹೇಳಿದಳಂತೆ. “ನೋವಿಲ್ಲವಂತೆ ಕಣ್ರಪ್ಪಾ! ತುಟಿ ಕಳ್ಕೊಂಡಿದ್ದಾಳೆ, ಅಷ್ಟೇ!”

ಆಮೇಲೆ ಒಂದು ಎಳೆತ. ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ಏನೋ ಭಾರವಾದದ್ದು ಕಳಚಿಕೊಂಡಿತು. ಟಣ್ ಅಂತ ಬಟ್ಟಲಿಗೆ ಬಿದ್ದ ಸದ್ದು. ನಾನು ಮೊಬೈಲು ಎತ್ತಿಕೊಂಡು ‘ಬಂತು’ ಅಂತ ಬರೆದೆ. ಕೆಳಗಿನಿಂದ ಚಪ್ಪಾಳೆ ಕೇಳಿಸಿತು.

ಡಾಕ್ಟರು ಹತ್ತಿ ಇಟ್ಟು ಬಾಯಿ ಮುಚ್ಚಿಸಿದರು. ಮುಂದೆ ಏನೇನು ಮಾಡಬೇಕು ಅಂತ ಹೇಳುವುದಕ್ಕೆ ಶುರುಮಾಡಿದರು. ನನಗೆ ತಲೆ ಸ್ವಲ್ಪ ತಿರುಗುತ್ತಿತ್ತು, ಒಂದು ಕಿವಿಯಿಂದ ಬಂದದ್ದು ಇನ್ನೊಂದರಿಂದ ಹೋಗುತ್ತಿತ್ತು. ನಾನು ಮೊಬೈಲನ್ನು ಅವರ ಕೈಗಿಟ್ಟು, ಇದರಲ್ಲೇ ಬರೆದುಕೊಡಿ ಅಂತ ಸನ್ನೆ ಮಾಡಿದೆ. ಚೀಟಿ ಬರೆಯುವ ಜಾಗ ತೆರೆದು ಕೊಡಬೇಕು ಅಂತ ನನಗೆ ಹೊಳೆಯಲಿಲ್ಲ, ಕೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ. ಅವರು ತೆರೆದಿದ್ದ ‘ಪೇಟೆಮಾತಿ’ನಲ್ಲೇ, ನನ್ನ ‘ಬಂತು’ ಅನ್ನುವುದರ ಕೆಳಗೆ, ನನ್ನ ಮುಖ ಒಮ್ಮೆ ನೋಡುತ್ತ ಒಮ್ಮೆ ಅಕ್ಷರ ಹುಡುಕುತ್ತ ಬರೆದರು.

‘ನೀಲಕ್ಕಾ, ಮುಕ್ಕಾಲು ಗಂಟೆ ಹತ್ತಿ ಕಚ್ಚಿಕೊಂಡಿರಿ, ಉಗುಳಬೇಡಿ. ಇವತ್ತು ಬಿಸಿ ಕಾಫಿ ಬೇಡ, ತಣ್ಣಗಿನ ಗಂಜಿ ಕುಡಿಯಿರಿ. ಸಂಜೆಗೆ ಸ್ವಲ್ಪ ನೋವು ಬರುತ್ತದೆ, ಅದು ಬಂದು ಹೋಗುವ ನೋವು, ಹೆದರಬೇಡಿ, ಮಾತ್ರೆ ಕೊಟ್ಟಿದ್ದೀನಿ. ನಾಲಿಗೆ ಹೋಗಿ ಹೋಗಿ ಆ ಜಾಗ ಮುಟ್ಟಿ ನೋಡುತ್ತದೆ. ಬೇಡ ಅಂದರೂ ಕೇಳುವುದಿಲ್ಲ. ಮೂರು ವಾರ ನೋಯಿಸಿಕೊಂಡಿದೆಯಲ್ಲ, ಅದಕ್ಕೆ ಬೈಯಬೇಡಿ. ಮಲಗುವಾಗ ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟುಕೊಳ್ಳಿ.’

ಬೀದಿ ಸದ್ದಡಗಿತು. ಏನಾಯಿತೋ ಅಂತ ಗಾಬರಿಯಿಂದ ನಾನು ಎದ್ದು ಕಿಟಕಿಗೆ ಹೋದೆ. ಜನ ಎಲ್ಲಿದ್ದರೋ ಅಲ್ಲೇ ನಿಂತು ಅಂಗೈ ನೋಡುತ್ತಿದ್ದರು. ಹನುಮಂತಣ್ಣ ಒಂದು ಸಲ ಓದಿ ಮುಗಿಸಿ, ಮತ್ತೆ ಮೇಲಿನಿಂದ ಶುರುಮಾಡಿದ. ಮುಕುಂದಯ್ಯನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಬಳೆ ಅಂಗಡಿಯವರು ಪಕ್ಕದವರ ಭುಜಕ್ಕೆ ಒರಗಿದ್ದರು. ಆಮೇಲೆ ಮೆಹಬೂಬಿ ಬುಟ್ಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಡದಡ ಮೆಟ್ಟಿಲು ಹತ್ತಿ ಬಂದಳು.

“ಡಾಕ್ಟ್ರೇ, ನಂದು ಮೇಲಿಂದು, ಬಲಗಡೆ” ಅಂದಳು.

“ಗೊತ್ತು. ಮಲ್ಲಿಗೆ ಮೊಗ್ಗಿನ ಬಗ್ಗೆ ಬರೆದ್ರಲ್ಲ, ಆವತ್ತಿಂದ” ಅಂದರು ಡಾಕ್ಟರು.

“ನಂಗೂ ಆಮೇಲೆ ಹಂಗೇ ಬರ್ಕೊಡ್ತೀರ ತಾನೇ? ದಿಂಬಿಂದೂ ಸೇರಿಸಿ?”

ಅವಳ ಹಿಂದೆ ಮೆಟ್ಟಿಲ ಮೇಲೆ ಇನ್ನೂ ಚಪ್ಪಲಿಗಳ ಸದ್ದು. ಡಾಕ್ಟರಿಗೆ ಅರ್ಥವಾಗಲಿಲ್ಲ. “ಏನಾಯ್ತು ಇವರಿಗೆಲ್ಲ? ನಾನು ಪೋಸ್ಟೇ ಹಾಕಲಿಲ್ಲವಲ್ಲ?” ಅಂತ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ಹತ್ತಿ. ನಾನು ಬರೀ ನಕ್ಕೆ, ಅದೂ ಅರ್ಧ ಬಾಯಲ್ಲಿ.

ಶನಿವಾರ ಒಂದು ಗಳಿಗೆಯೂ ಕುರ್ಚಿ ಖಾಲಿಯಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಚೀಟಿ. ‘ಮುಕುಂದಯ್ಯನವರೇ, ಸೀನು ಬಂದರೆ ಬಾಯಿ ತೆರೆದು ಸೀನಿ, ಹೊಲಿಗೆ ಹಾಕಿದ್ದೀನಿ.’ ‘ಹನುಮಂತಣ್ಣ, ಎಲೆಅಡಿಕೆ ಬಿಡು ಅನ್ನಲ್ಲ, ಒಂದು ವಾರ ಅದಕ್ಕೆ ರಜೆ ಕೊಡು.’ ಎಲ್ಲವನ್ನೂ ‘ಪೇಟೆಮಾತಿ’ನಲ್ಲೇ ಹಾಕಬೇಕು ಅಂತ ಜನರೇ ಹಟ ಹಿಡಿದರು. ಬೇರೆಯವರ ಹಲ್ಲಿನ ಚೀಟಿಯನ್ನು ಊರೆಲ್ಲ ಓದಿತು. ಹಲ್ಲೇ ಬಾರದ ಕೂಸಿಗೆ ಮುಕುಂದಯ್ಯನವರ ಚೀಟಿ ತೋರಿಸಿದರೆ ನಿದ್ದೆ ಬರುತ್ತದೆ ಅಂತ ಒಬ್ಬ ತಾಯಿ ಹೇಳಿದಳು. ಕೂಸಿಗೆ ಓದು ಬರುವುದಿಲ್ಲವಲ್ಲೇ ಅಂದರೆ, “ಓದೋದು ನಾನು, ನಿದ್ದೆ ಬರೋದು ನಂಗೆ. ನಾನು ಮಲಗಿದ್ರೆ ಅದೂ ಮಲಗತ್ತೆ” ಅಂದಳು.

ಭಾನುವಾರ ಹೇಳಿದ ಹೊತ್ತಿಗೆ ಸರಿಯಾಗಿ ಲಾರಿ ಬಂತು. ನಾನು ಬಾಯಿ ತೋರಿಸುವುದಕ್ಕೆ ಹೋಗಿದ್ದೆ. ಡಾಕ್ಟರು ಕಿಟಕಿಯಿಂದ ಬಗ್ಗಿ, “ಸ್ವಲ್ಪ ಇರಪ್ಪಾ, ಇನ್ನೂ ಹತ್ತು ಜನ ಇದ್ದಾರೆ. ಇವರನ್ನ ಮುಗಿಸಿ ನಿನಗೊಂದು ಮಾತು ಹೇಳಬೇಕು” ಅಂತ ಕೂಗಿದರು. ಗಾಣದ ಮೇಲಿನ ಪಾರಿವಾಳಗಳೆಲ್ಲ ಹಾರಿದವು. ಡ್ರೈವರು ಹೊರಗಿನವನು, ದಪ್ಪ ಮೀಸೆಯವನು. ಆ ದನಿಗೆ ಎರಡು ಹೆಜ್ಜೆ ಹಿಂದೆ ಸರಿದು ಹೋಗಿ ಲಾರಿಯ ಮೆಟ್ಟಿಲ ಮೇಲೆ ಕೂತ. ಕಾಯುವ ಬೇಜಾರಿಗೆ, ಬೀದಿಯವರೆಲ್ಲ ಏನೋ ನೋಡುತ್ತಿದ್ದಾರಲ್ಲ ಅಂತ ಮೆಹಬೂಬಿಯನ್ನು ಕೇಳಿ, ತನ್ನ ಮೊಬೈಲಿನಲ್ಲೂ ಅದನ್ನೇ ತೆಗೆಸಿಕೊಂಡ.

ಡಾಕ್ಟರು ಕೈ ತೊಳೆಯುತ್ತ ಸಣ್ಣಗೆ, ಅವರ ಮಟ್ಟಿಗೆ ಸಣ್ಣಗೆ, ಕೇಳಿದರು. “ನೀಲಕ್ಕಾ, ನಿಜ ಹೇಳಿ. ಈಗ ನನ್ನ ದನಿ ಹೆಂಗಿರತ್ತೆ? ಎಲ್ಲರೂ ಚೆನ್ನಾಗಿದೆ ಅಂತಾರೆ. ಹೆಂಗೆ ಚೆನ್ನಾಗಿದೆ ಅಂತ ಯಾರೂ ಹೇಳಲ್ಲ. ನನಗಂತೂ ಕೇಳಿಸಲ್ವಲ್ಲ.”

ನಾನು ಊರಿಗೆಲ್ಲ ಮಾತು ಹೇಳಿಕೊಡುವವಳು. ಇದನ್ನು ಮಾತ್ರ ತೋರಿಸಿಯೇ ಹೇಳಬೇಕಿತ್ತು. ಅವರ ಒದ್ದೆ ಕೈ ಹಿಡಿದು ಕಿಟಕಿಗೆ ಕರೆದುಕೊಂಡು ಬಂದು ಕೆಳಗೆ ಬೆರಳು ತೋರಿಸಿದೆ.

ಲಾರಿಯವನು ಡಾಕ್ಟರ ಚೀಟಿಗಳನ್ನು ಓದುತ್ತಿದ್ದ. ಮೊದಲು ಬೆಚ್ಚಿ ಕಿವಿ ಮುಟ್ಟಿಕೊಂಡ, ಹಿಂದೆ ತಿರುಗಿ ಯಾರಾದರೂ ಇದ್ದಾರಾ ಅಂತ ನೋಡಿದ. ಮತ್ತೆ ಓದಿದ. ಸ್ಟೀರಿಂಗು ಹಿಡಿದು ಹಿಡಿದು ಗಂಟುಕಟ್ಟಿದ್ದ ಅವನ ಭುಜ ಒಂದೊಂದೇ ಸಾಲಿಗೆ ಇಳಿಯುತ್ತ ಬಂತು. ಬೆನ್ನು ಬಾಗಿಲಿಗೆ ಒರಗಿತು. ಆ ದಪ್ಪ ಮೀಸೆಯ ಕೆಳಗೆ, ಯಾರೂ ಹೇಳದೆ ಕೇಳದೆ, ಅವನ ಬಾಯಿ ಮೆಲ್ಲಗೆ ತೆರೆದುಕೊಂಡಿತು.

ಡಾಕ್ಟರು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಗುನುಗಿಕೊಂಡರು, “ಕೆಳಗಡೆ ಎರಡು ಹಲ್ಲು ಹುಳುಕಿದೆ.”